ಸರ್ವೊ ಮೋಟಾರನ್ನು ನಡೆಸುವ ವಿದ್ಯುತ್ಫಲಕ

“ಸರ್ವೊ” ಎಂಬ ಮಾತಿಗೆ ಮೂಲವು ಲ್ಯಾಟಿನ್ ಭಾಷೆಯ “ಸೆರ್ವುಸ್” ಎಂಬ ಶಬ್ದ. ಆಳು, ದಾಸ ಎಂದು ಅದರ ಅರ್ಥ. ಫ್ರಾನ್ಸ್ ದೇಶದ ಯಂತ್ರಶಿಲ್ಪಿಯಾದ ಜೋಸೆಫ್ ಫಾರ್ಕೊ ಎಂಬಾತನು 1873ರಲ್ಲಿ ಪ್ರಕಟಿಸಿದ ತನ್ನ ಗ್ರಂಥಕ್ಕೆ “ಸರ್ವೊ-ಮೋಟಾರು” ಎಂಬ ಹೆಸರನ್ನೇ ಇಟ್ಟನು. ಎಲ್ಲ ಯಂತ್ರಗಳೂ ಮನುಷ್ಯನಿಗೆ ಆಳುಗಳೇ ಆಗಿರುವಲ್ಲಿ ಇದೊಂದಕ್ಕೆ ಮಾತ್ರ ಈ ಹೆಸರು ಹೇಗೆ ಸಲ್ಲುವುದು? ಇದನ್ನು ತಿಳಿಯದೆ ಪರಿಭಾಷೆಯನ್ನು ಕಟ್ಟಹೊರಟರೆ ಶಬ್ದವು ದೊರೆತೀತು, ಅರ್ಥವು ದೊರೆಯದು. ಆದಕಾರಣ ಇಂಥ ಮೋಟಾರುಗಳನ್ನು ನಡೆಸುವ ಫಲಕವೊಂದರ ರಚನೆಯನ್ನು ಇಲ್ಲಿ ಸಂಗ್ರಹವಾಗಿ ವಿವರಿಸುವೆವು.

ಸಾಮಾನ್ಯ ಮೋಟಾರು ವಿದ್ಯುತ್ತು ಹರಿಯುವವರೆಗೂ ತಿರುಗುತ್ತಲೇ ಇರುವುದು. ತಾನು ಎಲ್ಲಿರುವೆನೆಂಬುದು ಅದಕ್ಕೆ ತಿಳಿಯದು. ಸರ್ವೊವಿನ ಪೆಟ್ಟಿಗೆಯಲ್ಲಾದರೋ ಮೋಟಾರು, ಹಲ್ಲುಚಕ್ರಗಳು, ಅಕ್ಷದ ಕೋನವನ್ನು ಅಳೆಯುವ ರೋಧಕ, ಹೋಲಿಸಿ ನೋಡುವ ಮಂಡಲ ಎಂಬ ನಾಲ್ಕು ಅಂಗಗಳುಂಟು. ಆಜ್ಞಾಪಿಸಿದ ಸ್ಥಾನಕ್ಕೂ ಇರುವ ಸ್ಥಾನಕ್ಕೂ ಅಂತರವಿದ್ದರೆ, ಅದು ಅಳಿಯುವ ದಿಕ್ಕಿಗೆ ಮೋಟಾರು ತಿರುಗಿ ನಿಲ್ಲುವುದು.

ಆಜ್ಞೆಯು ಕಾಲರೂಪವಾದುದು. ಆಟದ ವಿಮಾನಗಳಲ್ಲಿಯೂ ಸಣ್ಣ ಯಂತ್ರಮಾನವರಲ್ಲಿಯೂ ಬಳಸುವ ಸರ್ವೊಗಳಿಗೆ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಒಂದು ವಿದ್ಯುತ್ಸ್ಪಂದವನ್ನು ಕಳುಹಿಸುವರು. ಸ್ಪಂದವು 1 ಮಿಲಿಸೆಕೆಂಡು ಇದ್ದರೆ ಅಕ್ಷವು ಒಂದು ಕೊನೆಗೂ, 2 ಇದ್ದರೆ ಇನ್ನೊಂದು ಕೊನೆಗೂ, 1.5 ಇದ್ದರೆ ನಡುವಿಗೂ ಬರುವುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂಬುದನ್ನು ಬಲ್ಲ ವಾಚಕರಿಗೆ ಇದು ಹೊಸತಾಗಿ ತೋರದು; ಭೇದವೇನೆಂದರೆ, ಇಲ್ಲಿ ಲಘುಗುರುಗಳ ನಡುವಣ ಉಚ್ಚಾರಗಳಿಗೂ ಬೇರೆಬೇರೆ ಅರ್ಥವಿದೆ.

ಸ್ಪಂದಗಳನ್ನು ಅಳೆದು ಕೊಡಲು ಪಿಸಿಎ 9685 ಎಂಬ ಚಿಪ್ಪು ಪ್ರಸಿದ್ಧವಾಗಿದೆ. ಇದೊಂದೇ 16 ಸರ್ವೊಗಳಿಗೆ ಆಜ್ಞೆ ಕೊಡಬಲ್ಲದು. ಇದು ಪ್ರತಿ ಆವರ್ತವನ್ನು 4096 ಭಾಗ ಮಾಡುವುದರಿಂದ 20 ಮಿಲಿಸೆಕೆಂಡಿನಲ್ಲಿ ಒಂದು ಭಾಗವು ಸುಮಾರು 4.9 ಮೈಕ್ರೊಸೆಕೆಂಡು, ಎರಡು ಕೊನೆಗಳ ನಡುವೆ ಸುಮಾರು 205 ಮೆಟ್ಟಿಲುಗಳು. ಅಕ್ಷದ ಚಲನೆಯು 90 ಡಿಗ್ರಿಯಾದರೆ ಒಂದು ಮೆಟ್ಟಿಲಿಗೆ ಅರ್ಧ ಡಿಗ್ರಿಗಿಂತ ತುಸು ಕಡಮೆ.

ಫಲಕದ ನಿಜವಾದ ಕಷ್ಟವಿರುವುದು ಆಜ್ಞೆಯಲ್ಲಲ್ಲ, ಆಹಾರದಲ್ಲಿ. ಮೋಟಾರುಗಳು ಒಮ್ಮೆಲೇ ಹೊರಟಾಗ ಅಧಿಕ ಪ್ರವಾಹವನ್ನು ಸೆಳೆಯುವುವು; ಆಗ ವೋಲ್ಟೇಜು ಕುಸಿದು, ಅದೇ ಮೂಲವನ್ನು ಆಶ್ರಯಿಸಿದ ನಿಯಂತ್ರಕ ಚಿಪ್ಪು ನಡುವೆಯೇ ಎಚ್ಚರದಪ್ಪಿ ಮೊದಲಿನಿಂದ ಆರಂಭಿಸುವುದು. ಆದ್ದರಿಂದ ಮೋಟಾರುಗಳಿಗೆ 5ರಿಂದ 6 ವೋಲ್ಟಿನ ಪ್ರತ್ಯೇಕ ಮೂಲವನ್ನು, ಅಗಲವಾದ ತಾಮ್ರದ ದಾರಿಗಳನ್ನು ಕಲ್ಪಿಸಬೇಕು. ಅವುಗಳ ಬಳಿ ದೊಡ್ಡ ಕೆಪಾಸಿಟರನ್ನು, ಚಿಪ್ಪಿನ ಬಳಿ 0.1 ಮೈಕ್ರೊಫ್ಯಾರಡಿನ ಚಿಕ್ಕದನ್ನು ಇಡಬೇಕು. ಮೂಲಗಳು ಬೇರೆಯಾದರೂ ಎರಡರ ಋಣತಂತಿಗಳು ಕೂಡಿರಲೇಬೇಕು. ಕೂಡದಿದ್ದರೆ ಸ್ಪಂದದ ಎತ್ತರವನ್ನು ಅಳೆಯಲು ಇಬ್ಬರಿಗೂ ಒಪ್ಪಿಗೆಯಾದ ನೆಲವೇ ಇಲ್ಲದಂತಾಗುವುದು.

ಇನ್ನೊಂದು ಸಂಗತಿ ಗಮನಾರ್ಹವಾಗಿದೆ. ಇಂಥ ಬಹುಪಾಲು ಸರ್ವೊಗಳು ತಮ್ಮ ಸ್ಥಿತಿಯನ್ನು ಫಲಕಕ್ಕೆ ತಿರುಗಿ ತಿಳಿಸವು. ಫಲಕವು ಹೇಳುವುದೇ ಹೊರತು ಕೇಳುವುದಿಲ್ಲ. ತಿದ್ದುಪಾಟೆಲ್ಲ ಪೆಟ್ಟಿಗೆಯೊಳಗೇ ನಡೆಯುವುದು. ಅಕ್ಷಕ್ಕೆ ಸಲ್ಲದ ಕೋನವನ್ನು ಆಜ್ಞಾಪಿಸಿದರೆ ಮೋಟಾರು ತಡೆಗೆ ಒತ್ತಿ ನಿಂತು ಕಾದು ಕೆಡುವುದು. ಆ ಎಲ್ಲೆಯನ್ನು ಆಜ್ಞೆಯಲ್ಲಿಯೇ ಮೊದಲು ಗೊತ್ತುಮಾಡಿರಬೇಕು.

ಈಗ ಹೆಸರಿನ ಪ್ರಶ್ನೆಗೆ ಬರೋಣ. ನಡೆಸುವವನ ಕೈಯೂ ಯಂತ್ರದ ಅಂಗವೂ ಒಟ್ಟಿಗೆ ಚಲಿಸಿ, ಒಟ್ಟಿಗೆ ನಿಂತು, ಒಟ್ಟಿಗೆ ಹಿಂದಿರುಗಬೇಕೆಂಬುದೇ ಫಾರ್ಕೊವಿನ ಆಶಯವಾಗಿದ್ದಿತು. ಬರಿಯ ಅಧೀನತೆಯಲ್ಲ, ಅಂತರವನ್ನು ತಾನೇ ಅರಿತು ಹಿಂಬಾಲಿಸುವ ಗುಣವೇ ಇದರ ಲಕ್ಷಣ. ಆದುದರಿಂದ “ದಾಸ” ಎಂಬುದಕ್ಕಿಂತ “ಅನುವರ್ತಿ” ಎಂಬ ಶಬ್ದವೇ ವಸ್ತುವಿಗೆ ಹೆಚ್ಚು ಹತ್ತಿರವಾದುದು.