ಆಲಯವೋ ಪಂಜರವೋ?

ಸವರ್ಣದೀರ್ಘ ಸಂಧಿಯನ್ನು ಪಾಠ ಹೇಳುವ ಅಧ್ಯಾಪಕನಿಗೆ ಉದಾಹರಣೆಗಳ ಬರವಿಲ್ಲ. ದೇವಾಲಯ, ವಿದ್ಯಾಲಯ, ಹಿಮಾಲಯ ಒಂದರ ಹಿಂದೊಂದು ಬಂದು ಕೈಕಟ್ಟಿ ನಿಲ್ಲುತ್ತವೆ. ಅನೇಕ ವರ್ಷಗಳಿಂದ ಈ ಸಾಲಿಗೆ ಮೃಗಾಲಯವನ್ನೂ ಸೇರಿಸಿ ಹೇಳುತ್ತ ಬಂದವನು ನಾನು. ಕಳೆದ ವರ್ಷ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ದೇವಾಲಯ ದೇವರ ಮನೆ, ಒಪ್ಪಿದೆ. ಮೃಗಾಲಯ ಮೃಗದ ಮನೆ ಹೇಗಾಯಿತು? ಮನೆಯಾದರೆ ಹೊರಗಿನಿಂದ ಬೀಗ ಯಾಕೆ?” ಎಂದು ಕೇಳಿದ. ತರಗತಿ ನಕ್ಕಿತು. “ದೇವಾಲಯಕ್ಕೂ ಹೊರಗಿನಿಂದಲೇ ಬೀಗ ಹಾಕುತ್ತಾರಪ್ಪಾ” ಎಂದು ನಾನೂ ನಕ್ಕು ಪಾಠ ಮುಂದುವರಿಸಿದೆ. ಮಾತಿನಲ್ಲಿ ಗೆದ್ದೆನಾದರೂ ಮನಸ್ಸಿನಲ್ಲಿ ಸೋತಿದ್ದೆ.

ನಾನು ಮೊದಲು ಹುಲಿಯನ್ನು ಕಂಡದ್ದು ತಂದೆಯವರ ಹೆಗಲ ಮೇಲೆ ಕುಳಿತು. ಆ ಊರಿನ ಹೆಸರು ಇಲ್ಲಿ ಬೇಡ. ಆಗ ಎಷ್ಟೋ ಕಡೆ ಅದೇ ರೀತಿ ಇತ್ತು. ಸಿಮೆಂಟಿನ ನೆಲ, ಕಬ್ಬಿಣದ ಸರಳು, ಮೂಲೆಯಲ್ಲೊಂದು ನೀರಿನ ತೊಟ್ಟಿ. ಹುಲಿ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಲೇ ಇತ್ತು. ತಿರುಗುವಾಗ ಪ್ರತಿಸಲವೂ ಅದೇ ಜಾಗದಲ್ಲಿ ಹೆಜ್ಜೆಯಿಟ್ಟು, ತಲೆಯನ್ನು ಅದೇ ರೀತಿ ಓರೆಮಾಡುತ್ತಿತ್ತು. ಮುಂದೆ ಶಾಲೆಯಲ್ಲಿ ‘ನಾನು ಕಂಡ ಹುಲಿ’ ಎಂಬ ಪ್ರಬಂಧದಲ್ಲಿ ಅದನ್ನು ‘ರಾಜಗಾಂಭೀರ್ಯದ ನಡೆ’ ಎಂದು ಬಣ್ಣಿಸಿದೆ. ಮೇಷ್ಟ್ರು ಮೆಚ್ಚಿ ತರಗತಿಯಲ್ಲಿ ಓದಿಸಿದರು.

ಅದು ಗಾಂಭೀರ್ಯವಲ್ಲ, ಸಂಕಟ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 2003ರಲ್ಲಿ ಆಕ್ಸ್‌ಫರ್ಡಿನ ರೋಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ ಎಂಬ ಸಂಶೋಧಕಿಯರು ಸೆರೆಯಲ್ಲಿರುವ ಮಾಂಸಾಹಾರಿ ಪ್ರಾಣಿಗಳನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ಕಾಡಿನಲ್ಲಿ ಯಾವ ಪ್ರಾಣಿಯ ಸಂಚಾರ ಹೆಚ್ಚು ವಿಸ್ತಾರವೋ, ಸೆರೆಯಲ್ಲಿ ಅದರ ಈ ಗುರಿಯಿಲ್ಲದ ನಡಿಗೆಯೂ ಅಷ್ಟು ಹೆಚ್ಚು; ಅದರ ಮರಿಗಳ ಸಾವೂ ಹೆಚ್ಚು. ಹಿಮಕರಡಿಗೆ ಮೃಗಾಲಯದಲ್ಲಿ ಸಾಮಾನ್ಯವಾಗಿ ದೊರೆಯುವ ಜಾಗ ಅದರ ಸಹಜ ಸಂಚಾರಭೂಮಿಯ ಹತ್ತು ಲಕ್ಷದಲ್ಲೊಂದು ಪಾಲು ಮಾತ್ರವಂತೆ.

ಸರಳುಗಳನ್ನು ಕಿತ್ತುಹಾಕಿದವರಲ್ಲಿ ಅಗ್ರಗಣ್ಯನಾದವನು ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್. ವೃತ್ತಿಯಿಂದ ಅವನು ಪ್ರಾಣಿಗಳ ವ್ಯಾಪಾರಿ. 1907ರಲ್ಲಿ ಹ್ಯಾಂಬರ್ಗಿನ ಬಳಿ ತೆರೆದ ತನ್ನ ಉದ್ಯಾನದಲ್ಲಿ ಸರಳಿನ ಬದಲು ಕಂದಕ ತೋಡಿಸಿದ. ಮೃಗ ಎಷ್ಟು ದೂರ ನೆಗೆಯಬಲ್ಲುದೆಂದು ಅರಿತು, ಅದಕ್ಕಿಂತ ಅಗಲವಾಗಿ ತೋಡಿದ ಕಂದಕವದು. ನೋಡುವವರ ಕಣ್ಣಿಗೆ ಬೀಳದು. ಸಿಂಹ ಬಯಲಿನಲ್ಲಿ ನಿಂತಂತೆಯೇ ಕಾಣುತ್ತಿತ್ತು. ಆದರೆ ಅಲ್ಲಿನ ಬಂಡೆಗಳು ಸಿಮೆಂಟಿನವು. ನೋಡುವವನಿಗೆ ಕಾಡು, ಮೃಗಕ್ಕೆ ಕಟ್ಟಡ! ನವೀಕರಣವೆಂಬುದು ಯಾರ ಕಣ್ಣಿಗಾಗಿ ಎಂಬ ಪ್ರಶ್ನೆ ಅಲ್ಲಿಂದಲೇ ಆರಂಭವಾಯಿತು.

ಆ ಪ್ರಶ್ನೆಗೆ ಲಂಡನ್ನಿನ ಪೆಂಗ್ವಿನ್ ಕೊಳಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. 1934ರಲ್ಲಿ ಲ್ಯುಬೆಟ್ಕಿನ್ ಮತ್ತು ಸಂಗಡಿಗರು ಕಟ್ಟಿದ ಆ ಕೊಳದ ಮೇಲೆ ಎರಡು ಕಾಂಕ್ರೀಟಿನ ಇಳಿಜಾರುಗಳು ಒಂದನ್ನೊಂದು ಬಳಸಿ ಬಳ್ಳಿಯಂತೆ ಇಳಿಯುತ್ತವೆ. ಶಿಲ್ಪಿಗಳು ಅದನ್ನು ಇಂದಿಗೂ ಹೊಗಳುತ್ತಾರೆ. ಪೆಂಗ್ವಿನ್ನುಗಳು ಮಾತ್ರ ಹೊಗಳಲಿಲ್ಲ. ಗಟ್ಟಿ ಕಾಂಕ್ರೀಟಿನ ಮೇಲೆ ನಡೆದು ಅವುಗಳ ಪಾದಗಳಿಗೆ ನೋವು ಬಂತು. 2004ರಲ್ಲಿ ಅವನ್ನು ಬೇರೆಡೆಗೆ ಸಾಗಿಸಿದರು. ಕೊಳ ಈಗಲೂ ಸುಂದರವಾಗಿ, ಪೆಂಗ್ವಿನ್ನುಗಳಿಲ್ಲದೆ ನಿಂತಿದೆ.

ನಮ್ಮ ಮೈಸೂರಿನವರಿಗೆ ಕಂದಕದ ಆವರಣಗಳು ಅಪರಿಚಿತವಲ್ಲ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಆರಂಭಿಸಿದ ಮೃಗಾಲಯಕ್ಕೆ ಉದ್ಯಾನದ ರೂಪ ಕೊಟ್ಟವರಲ್ಲಿ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರರೂ ಒಬ್ಬರು. ಅಲ್ಲಿ ಪೋಲೋ ಎಂಬ ಗೊರಿಲ್ಲಾ ಬಹುಕಾಲ ಒಂಟಿಯಾಗಿ ಬಾಳಿ 2014ರಲ್ಲಿ ತೀರಿಕೊಂಡಿತು. 2021ರಲ್ಲಿ ಜರ್ಮನಿಯಿಂದ ತಾಬೋ, ಡೆಂಬಾ ಎಂಬ ಎರಡು ಗೊರಿಲ್ಲಾಗಳು ಬಂದವು. ಈ ಬಾರಿ ಒಂದಕ್ಕೊಂದು ಜೊತೆಯಿತ್ತು. ಮನೆಯೆಂದರೆ ಜಾಗ ಮಾತ್ರವಲ್ಲ, ಜೊತೆಯೂ ಹೌದಷ್ಟೆ.

1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸ್ಥಾಪನೆಯಾದ ಮೇಲೆ ಇಂಥ ವಿಷಯಗಳಿಗೆ ಅಳತೆಗಳು ಬಂದವು. ಒಂದು ಜೋಡಿ ಹುಲಿಗೆ ಬಯಲಿನ ಆವರಣ ಕನಿಷ್ಠ 1000 ಚದರ ಮೀಟರ್ ಇರಬೇಕೆಂಬುದು ಅವುಗಳಲ್ಲೊಂದು. ಆದರೆ ಅಳತೆಯೊಂದೇ ಸಾಲದು. ಜಾಗ ಎಷ್ಟು ದೊಡ್ಡದು ಎಂಬುದಕ್ಕಿಂತ ಎಂಥದು ಎಂಬುದು ಮುಖ್ಯವೆಂದು ಸ್ವಿಟ್ಜರ್ಲೆಂಡಿನ ವಿದ್ವಾಂಸ ಹೈನಿ ಹೆಡಿಗರ್ ಕಳೆದ ಶತಮಾನದ ನಡುವಿನಲ್ಲೇ ವಾದಿಸಿದ್ದ. ಒಳ್ಳೆಯ ನವೀಕರಣದಲ್ಲಿ ಸಿಮೆಂಟನ್ನು ಒಡೆದು ಮಣ್ಣು ಹರಡುತ್ತಾರೆ. ಉಗುರು ಮಸೆಯಲು ಮರದ ದಿಮ್ಮಿ, ಮೀಯಲು ಕೊಳ, ಏರಲು ದಿಬ್ಬ ಒದಗಿಸುತ್ತಾರೆ. ಆಹಾರವನ್ನು ಅಲ್ಲಲ್ಲಿ ಬಚ್ಚಿಟ್ಟು ಮೃಗ ಹುಡುಕಿ ತಿನ್ನುವಂತೆ ಮಾಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮನುಷ್ಯನ ಕಣ್ಣಿನಿಂದ ತಪ್ಪಿಸಿಕೊಳ್ಳಲು ಒಂದು ಮರೆ ಇಡುತ್ತಾರೆ.

ಈ ಮರೆಯ ಬೆಲೆ ನನಗೆ ತಿಳಿದದ್ದು ನಮ್ಮ ಬೀದಿಯ ಹಿರಿಯರೊಬ್ಬರಿಂದ. ಮೂವತ್ತು ವರ್ಷ ಮೃಗಗಳಿಗೆ ಮೇವು ಮಾಂಸ ಹಾಕಿ ನಿವೃತ್ತರಾದವರು. ಒಂದು ಭಾನುವಾರ ಅವರನ್ನೂ ನನ್ನ ಮಗಳನ್ನೂ ಕರೆದುಕೊಂಡು ಹೊಸದಾಗಿ ಮಾಡಿದ ಹುಲಿಯ ಆವರಣವನ್ನು ನೋಡಲು ಹೋದೆ. ಗಿಡ, ಪೊದೆ, ನೀರು ಎಲ್ಲವೂ ಇದ್ದವು, ಹುಲಿ ಕಾಣಲಿಲ್ಲ. ಅರ್ಧ ಗಂಟೆ ಕಾದೆವು. ಪಕ್ಕದಲ್ಲಿದ್ದವರು ಟಿಕೆಟ್ಟಿನ ದುಡ್ಡು ದಂಡವೆಂದು ಗೊಣಗಿದರು. ನನ್ನ ಮಗಳ ಕಣ್ಣಲ್ಲಿ ನೀರು. ನಿಜ ಹೇಳುತ್ತೇನೆ, ನನಗೂ ಬೇಸರವಾಗಿತ್ತು.

“ಹಳೆಯದೇ ವಾಸಿಯಾಗಿತ್ತಲ್ಲವೆ?” ಎಂದೆ.

ಅವರು ತಕ್ಷಣ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಮೇಷ್ಟ್ರೇ, ನಾನು ಸಾಕಿದ ಹುಲಿ ಕರೆದ ಕೂಡಲೆ ಸರಳಿನ ಹತ್ತಿರ ಬರುತ್ತಿತ್ತು. ನನ್ನ ಮೇಲಿನ ಪ್ರೀತಿ ಅಂದುಕೊಂಡಿದ್ದೆ. ಬರದೆ ಇನ್ನೆಲ್ಲಿಗೆ ಹೋಗಬೇಕಿತ್ತು ಅದು? ಇದಕ್ಕೆ ಬೇಡ ಅನ್ನೋ ಭಾಗ್ಯ ಇದೆ ನೋಡಿ” ಎಂದರು. ಆಮೇಲೆ ನನ್ನ ಮಗಳ ತಲೆ ನೇವರಿಸಿ, “ನೋಡಮ್ಮಾ, ಹುಲಿ ಮನೇಲಿದೆ, ನಮ್ಮನ್ನು ಕರೆದಿಲ್ಲ ಅಷ್ಟೆ” ಎಂದರು.

ಹಿಂದಿರುಗುವ ದಾರಿಯಲ್ಲಿ ಅವರು ಮಾತಾಡಲಿಲ್ಲ. ಮೂವತ್ತು ವರ್ಷದ ಪ್ರೀತಿಯನ್ನು ಮರುಪರಿಶೀಲಿಸುವುದು ಸುಲಭವಲ್ಲ. ಬಾಲ್ಯದ ಪ್ರಬಂಧವೊಂದನ್ನು ತಿದ್ದಿಕೊಳ್ಳುವುದೇ ನನಗೆ ಇಷ್ಟು ಕಷ್ಟವಾಗಿರುವಾಗ, ಅವರ ಕಷ್ಟವನ್ನು ನಾನು ಊಹಿಸಬಲ್ಲೆ.

ಮಾರನೆಯ ದಿನ ಆ ಹುಡುಗನನ್ನು ಕರೆದು ಹೇಳಿದೆ: “ನಿನ್ನ ಪ್ರಶ್ನೆ ಸರಿ. ಬೀಗ ಹೊರಗೇ ಇದೆ. ಹೊರಗೆ ಬೀಗವಿರುವವರೆಗೆ ಅದು ಪೂರ್ಣ ಆಲಯವಲ್ಲ. ಆದರೆ ಒಳಗೊಂದು ಮರೆಯಿದ್ದರೆ ಬರೀ ಪಂಜರವೂ ಅಲ್ಲ.” ಅವನು ಒಪ್ಪಿದನೋ ಇಲ್ಲವೋ ತಿಳಿಯದು. ಸವರ್ಣದೀರ್ಘ ಸಂಧಿಗೆ ಉದಾಹರಣೆ ಕೊಡುವಾಗ ಮೃಗಾಲಯವನ್ನು ನಾನು ಈಗಲೂ ಹೇಳುತ್ತೇನೆ. ಹೇಳುವಾಗ ಧ್ವನಿ ಮಾತ್ರ ಸ್ವಲ್ಪ ತಗ್ಗುತ್ತದೆ.