ಡಾಕ್ಟರ ಪಟ್ಟಿಯಲ್ಲಿ ಇಲ್ಲದ ಎಲೆ ಅಡಿಕೆ

ನ್ಯೂಜೆರ್ಸಿಯ ಕೆಂಡಲ್ ಪಾರ್ಕ್‌ನಲ್ಲಿ, ರೂಟ್ 27ರ ಆಸುಪಾಸಿನಲ್ಲಿ ಮನೆ ಮಾಡಿರುವ ಭಾರತೀಯ ಕುಟುಂಬಗಳು ವರ್ಷಕ್ಕೊಮ್ಮೆ ‘ಫಿಸಿಕಲ್’ಗೆ ಹೋಗುವುದು ತಮ್ಮ ಪ್ರೈಮರಿ ಡಾಕ್ಟರ ಬಳಿಗೆ. ಯಾವ ಕ್ಯಾನ್ಸರ್ ತಪಾಸಣೆ ಯಾರಿಗೆ ಬೇಕೆಂದು ಹೇಳಬೇಕಾದವರೂ ಅವರೇ. ಅವರ ಮುಂದಿರುವುದು ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ಸಿದ್ಧಪಡಿಸಿದ ಪಟ್ಟಿ: 40ರಿಂದ 74ರ ಹೆಂಗಸರಿಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ, 45 ಆದವರಿಗೆ ದೊಡ್ಡ ಕರುಳಿನ ಪರೀಕ್ಷೆ, 21ರಿಂದ 65ರ ಹೆಂಗಸರಿಗೆ ಗರ್ಭಕೊರಳಿನ ಪರೀಕ್ಷೆ, ವರ್ಷಗಟ್ಟಲೆ ಸಿಗರೇಟು ಸೇದಿದವರಿಗೆ 50ರ ನಂತರ ಶ್ವಾಸಕೋಶದ ಸಿ.ಟಿ. ಸ್ಕ್ಯಾನ್.

ಆ ಪಟ್ಟಿಯಲ್ಲಿ ಬಾಯಿ ಇಲ್ಲ. ಲಕ್ಷಣಗಳಿಲ್ಲದವರ ಬಾಯಿ ತಪಾಸಣೆ ಬೇಕೆನ್ನಲೂ ಬೇಡವೆನ್ನಲೂ ಪುರಾವೆ ಸಾಲದು ಎಂದು ಟಾಸ್ಕ್ ಫೋರ್ಸ್ 2013ರಲ್ಲಿ ಹೇಳಿತು. ಮಗಳ ಮನೆಗೆ ಬಂದು ನೆಲೆಸಿದ ಮಲೆನಾಡಿನ ಹಿರಿಯರೊಬ್ಬರನ್ನು ಊಹಿಸಿಕೊಳ್ಳಿ. ‘ಸಿಗರೇಟು ಸೇದ್ತೀರಾ?’ ಎಂದು ಡಾಕ್ಟರು ಕೇಳುತ್ತಾರೆ. ‘ಇಲ್ಲ’ ಎನ್ನುತ್ತಾರೆ ಅವರು, ಅದು ನಿಜವೂ ಹೌದು. ನಲವತ್ತು ವರ್ಷ ಹಾಕಿದ ಎಲೆ ಅಡಿಕೆಯ ಕವಳ, ಅದರೊಳಗಿನ ಹೊಗೆಸೊಪ್ಪು ಮಾತಿಗೇ ಬರುವುದಿಲ್ಲ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತಜ್ಞರು 2003ರಲ್ಲೇ ತೀರ್ಮಾನಿಸಿದ್ದಾರೆ.

ಅಭ್ಯಾಸ ಇದ್ದವರ ಮಟ್ಟಿಗೆ ಪುರಾವೆಯೇನೋ ಇದೆ, ಅದು ಬಂದದ್ದು ನಮ್ಮ ನೆರೆ ರಾಜ್ಯದ ತಿರುವನಂತಪುರದಿಂದ. ಅಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯಿಯನ್ನು ಬೆಳಕು ಬಿಟ್ಟು ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಇಳಿಯಿತೆಂದು 2005ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. ಅಭ್ಯಾಸ ಇಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗಾಗಿ ಅಭ್ಯಾಸ ಯಾವುದೆಂದು ಕೇಳದೆ ಈ ತಪಾಸಣೆಯ ಬೆಲೆ ಗೊತ್ತಾಗುವುದಿಲ್ಲ.

ಇಲ್ಲಿ ಸಾವಿನ ಲೆಕ್ಕವನ್ನೇ ಹೇಳಿದ್ದಕ್ಕೆ ಕಾರಣವಿದೆ. ಅಮೆರಿಕದ 412 ಪ್ರೈಮರಿ ಡಾಕ್ಟರುಗಳನ್ನು ಪ್ರಶ್ನಿಸಿದ ಸಮೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ತಪಾಸಣೆಯಿಂದ ‘ಐದು ವರ್ಷ ಬದುಕುಳಿಯುವವರ ಪ್ರಮಾಣ’ ಶೇ 68ರಿಂದ 99ಕ್ಕೆ ಏರುತ್ತದೆ ಎಂದಾಗ ಶೇ 69 ಮಂದಿ ಖಂಡಿತ ಶಿಫಾರಸು ಮಾಡುತ್ತೇವೆಂದರು. ಸಾವು ಸಾವಿರಕ್ಕೆ 2ರಿಂದ 1.6ಕ್ಕೆ ಇಳಿಯುತ್ತದೆ ಎಂದಾಗ ಹಾಗೆಂದವರು ಶೇ 23 ಮಾತ್ರ. ಜೀವ ಉಳಿದದ್ದಕ್ಕೆ ಸಾಕ್ಷಿ ಎರಡನೆಯದೇ. 70ಕ್ಕೆ ಸಾಯುವವರಿಗೆ ರೋಗ 67ರಲ್ಲಿ ಪತ್ತೆಯಾದರೆ ಮೂರು ವರ್ಷ ಬದುಕಿದಂತೆ, 60ರಲ್ಲೇ ಪತ್ತೆಯಾದರೆ ಹತ್ತು ವರ್ಷ ಬದುಕಿದಂತೆ. ಸಾವಿನ ದಿನ ಮಾತ್ರ ಬದಲಾಗಿರುವುದಿಲ್ಲ.

ಅಮೆರಿಕದ ಪಟ್ಟಿಯಲ್ಲಿ ಬಾಯಿ ಇಲ್ಲ, ಹಾಗೆಂದು ಭಾರತದಲ್ಲಿ ಎಲ್ಲ ಸರಿಯಿದೆ ಎನ್ನುವಂತಿಲ್ಲ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49ರ ಹೆಂಗಸರ ಪೈಕಿ ಒಮ್ಮೆಯಾದರೂ ಬಾಯಿ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ಅಲ್ಲಿ ಪಟ್ಟಿಯಲ್ಲಿದ್ದೂ ತಪಾಸಣೆ ಆಗಲಿಲ್ಲ. ಇಲ್ಲಿ ಆಸ್ಪತ್ರೆ ಹತ್ತಿರವಿದ್ದೂ ಪಟ್ಟಿಯಲ್ಲಿ ಬಾಯಿಯ ಹೆಸರಿಲ್ಲ.

ಈ ಸಂದಿಯನ್ನು ಮುಚ್ಚುವ ಕೆಲಸ ಸದ್ಯಕ್ಕೆ ಮನೆಯವರದೇ. ಎಲೆ ಅಡಿಕೆ, ಗುಟ್ಕಾ, ಕಡ್ಡಿಪುಡಿ ಯಾವುದಿದ್ದರೂ, ಬಿಟ್ಟು ಹತ್ತು ವರ್ಷವಾಗಿದ್ದರೂ, ಡಾಕ್ಟರು ಕೇಳದಿದ್ದರೂ ಹೇಳಿ, ಫೈಲಿನಲ್ಲಿ ಬರೆಸಿ. ದಂತವೈದ್ಯರಿಗೂ ತಿಳಿಸಿ; ಕೆನ್ನೆಯ ಒಳಭಾಗ, ನಾಲಗೆಯ ಅಡಿ ನೋಡಲು ಅವರಿಗೆ ಐದು ನಿಮಿಷ ಸಾಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಕಂಡರೆ ಅದು ತಪಾಸಣೆಯ ಪಟ್ಟಿಗೆ ಸೇರಿದ ಮಾತಲ್ಲ, ಕೂಡಲೇ ತೋರಿಸಬೇಕಾದ ಕಾಯಿಲೆ. ಇನ್ನು ಯಾವುದೇ ಹೊಸ ಪರೀಕ್ಷೆ ಬರೆದುಕೊಟ್ಟರೆ ಸಂಕೋಚಪಡದೆ ಕೇಳಿ: ‘ಇದರಿಂದ ಸಾವಿರದಲ್ಲಿ ಎಷ್ಟು ಸಾವು ತಪ್ಪುತ್ತದೆ?’