ರ‍್ಯಾಂಕಿನ ಆಚೆಗೂ ಕಾಲೇಜು ಸುದ್ದಿ ಇದೆ

ರಿಸಲ್ಟ್ ಬಂತೆಂದರೆ ಕಾಲೇಜುಗಳ ಸುದ್ದಿ ರ‍್ಯಾಂಕು, ಪದಕ, ಸನ್ಮಾನಗಳಲ್ಲೇ ಮುಗಿಯುತ್ತದೆ. ಅವು ಬೇಡವೆಂದಲ್ಲ. ಆದರೆ ಮಳವಳ್ಳಿಯಿಂದ ದಿನಾ ಬಸ್ ಹತ್ತಿ ಬಂದು, ಮನೆಗೆ ಮೊದಲ ಡಿಗ್ರಿ ತರುವ ಹುಡುಗಿಯ ಸಾಧನೆಯನ್ನೂ ನಾವು ಅದೇ ಸಾಲಿನಲ್ಲಿ ಬರೆದುಕೊಳ್ಳಬೇಕು.

ಮದ್ದೂರಿಗೆ ರೈಲಿದೆ, ಮಳವಳ್ಳಿಗೆ ಬಸ್ಸೇ ಗತಿ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ದುಡ್ಡು ಉಳಿಯಿತು. ‘ಬಸ್ ಚಾರ್ಜಿಗೆ ಎಲ್ಲಿಂದ ತರೋದು’ ಎನ್ನುವ ಮಾತಿಗೆ ಈಗ ಜಾಗವಿಲ್ಲ.

ಈ ಜಿಲ್ಲೆಗೆ ಕಾಲೇಜುಗಳು ತಾವಾಗಿ ಬಂದವಲ್ಲ. ಕೆ.ವಿ.ಶಂಕರಗೌಡರು 1962ರಲ್ಲಿ ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಕಟ್ಟಿದರು. ಜಿ.ಮಾದೇಗೌಡರು ಮದ್ದೂರು ತಾಲೂಕಿನ ಭಾರತೀನಗರದಲ್ಲಿ ಭಾರತಿ ಕಾಲೇಜು ಬೆಳೆಸಿದರು. ಹಳ್ಳಿ ಮಕ್ಕಳಿಗೆ ಓದು ಹತ್ತಿರವಾಯಿತು.

2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ 9 ವಿಶ್ವವಿದ್ಯಾಲಯಗಳನ್ನು ಮುಚ್ಚುವ ತೀರ್ಮಾನಕ್ಕೆ ಬಂದಾಗ ಪಟ್ಟಿಯಲ್ಲಿ ಮಂಡ್ಯ ವಿವಿಯೂ ಇತ್ತು. ಖರ್ಚಿನ ಲೆಕ್ಕ ಸರ್ಕಾರದ್ದು, ದೂರದ ಲೆಕ್ಕ ನಮ್ಮದು. ಎಂ.ಎ., ಎಂ.ಎಸ್ಸಿ.ಗೆ ಮೈಸೂರಿಗೇ ಹೋಗಬೇಕೆಂದರೆ ಎಷ್ಟೋ ಮನೆಗಳಲ್ಲಿ ‘ಓದಿದ್ದು ಸಾಕು ಬಿಡು ಮಗಳೇ’ ಎನ್ನುವ ಮಾತು ಬಂದೇ ಬರುತ್ತದೆ. ಹೀಗೆ ನಿಂತುಹೋದ ಓದು ಯಾವ ಫಲಿತಾಂಶದ ಪಟ್ಟಿಯಲ್ಲೂ ಕಾಣುವುದಿಲ್ಲ.

ಸಿಇಟಿಯಲ್ಲಿ ವೃತ್ತಿಪರ ಕೋರ್ಸಿಗೆ ಸೀಟು ಸಿಕ್ಕ ನಮ್ಮ ಮಕ್ಕಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವಿದೆ. ಅದು ಸಾಲ, ತೀರಿಸಬೇಕು. ಆದರೆ ಸೀಟು ಕೈತಪ್ಪದು. ಜಮಾಅತ್‌ಗಳು ಸನ್ಮಾನದ ಶಾಲು ತರುವ ಮೊದಲು, ಮಕ್ಕಳ ಪಕ್ಕ ಕೂತು ಅರ್ಜಿ ತುಂಬಿಸಲಿ. ಶಾಲು ಆಮೇಲೆ ಹೊದಿಸೋಣ.